ರಾಜ್ಯದ ಹೆಸರು ಮತ್ತು ಶಾಸನ

ಹೆಸರೆಂಬುದು ವಿಚಿತ್ರವಾದ ಸ್ವತ್ತು. ಅದರ ಒಡೆಯನು ಅದನ್ನು ತಾನೇ ಸಂಪಾದಿಸಿದವನಲ್ಲ. ತೊಟ್ಟಿಲಲ್ಲಿರುವಾಗಲೇ ಹಿರಿಯರು ಅದನ್ನು ಅವನಿಗೆ ಕೊಟ್ಟಿರುತ್ತಾರೆ. ಅದನ್ನು ಉಪಯೋಗಿಸುವವರು ಸಹ ಅವನಿಗಿಂತ ಹೆಚ್ಚಾಗಿ ಇತರರೇ. ವ್ಯಕ್ತಿಯ ವಿಷಯದಲ್ಲಿ ನಿಜವಾದ ಈ ಮಾತು ರಾಜ್ಯಗಳ ವಿಷಯದಲ್ಲಿ ಇನ್ನೂ ಹೆಚ್ಚು ನಿಜವಾಗಿರುವುದು. ವ್ಯಕ್ತಿಯಾದರೂ ಬೇಸರಗೊಂಡು ಒಂದು ಪ್ರಮಾಣಪತ್ರದ ಮೂಲಕ ತನ್ನ ಹೆಸರನ್ನು ಬದಲಾಯಿಸಿಕೊಳ್ಳಬಹುದು. ಭಾರತದ ಒಂದು ರಾಜ್ಯಕ್ಕೆ ಆ ಸ್ವಾತಂತ್ರ್ಯವಿಲ್ಲ. ತೆರಿಗೆಯನ್ನು ವಿಧಿಸುವ, ಭೂಮಿಯ ಒಡೆತನವನ್ನು ನಿರ್ಣಯಿಸುವ, ಪೊಲೀಸು ಪಡೆಯನ್ನು ನಡೆಸುವ ಅಧಿಕಾರವುಳ್ಳ ರಾಜ್ಯವು ತನ್ನ ಹೆಸರಿನ ಒಂದು ಅಕ್ಷರವನ್ನೂ ತಾನಾಗಿ ತಿದ್ದಿಕೊಳ್ಳಲಾರದು. 1956ರಲ್ಲಿ ಒಂದುಗೂಡಿದ ಕನ್ನಡನಾಡು ‘ಕರ್ನಾಟಕ’ವೆನಿಸಿಕೊಳ್ಳಲು 1973ರವರೆಗೆ ಹದಿನೇಳು ವರ್ಷ ಕಾಯಬೇಕಾಯಿತು. ಆ ವಿಳಂಬದಲ್ಲಿ ಶಾಸನದ ಪಾಲೆಷ್ಟು, ಜನರ ಮನಸ್ಸಿನ ಪಾಲೆಷ್ಟು ಎಂಬುದು ವಿಚಾರಯೋಗ್ಯವಾದ ಸಂಗತಿ.

ಮೊದಲು ಶಾಸನವು ಹೇಳುವುದೇನೆಂಬುದನ್ನು ನೋಡಬೇಕು. ಭಾರತ ಸಂವಿಧಾನದ 1ನೆಯ ಅನುಚ್ಛೇದವು ದೇಶದ ಹೆಸರನ್ನು ಗೊತ್ತುಮಾಡಿ, ರಾಜ್ಯಗಳ ಹೆಸರುಗಳನ್ನು ಮೊದಲನೆಯ ಅನುಸೂಚಿಗೆ ಬಿಟ್ಟುಕೊಟ್ಟಿರುವುದು. ಆ ಪಟ್ಟಿಯಲ್ಲಿ ಬರೆದಿರುವುದೇ ರಾಜ್ಯದ ಹೆಸರು, ಬೇರೆಲ್ಲವೂ ರೂಢಿ. ಈ ಪಟ್ಟಿಯನ್ನು ತಿದ್ದುವ ಅಧಿಕಾರವು 3ನೆಯ ಅನುಚ್ಛೇದದ ಮೂಲಕ ಪಾರ್ಲಿಮೆಂಟಿಗೆ ಸೇರಿದೆ. ಹೊಸ ರಾಜ್ಯವನ್ನು ರಚಿಸುವುದು, ಎಲ್ಲೆಗಳನ್ನು ಹಿಗ್ಗಿಸುವುದು, ಕುಗ್ಗಿಸುವುದು, ಇವುಗಳೊಡನೆ ಯಾವುದೇ ರಾಜ್ಯದ ಹೆಸರನ್ನು ಬದಲಾಯಿಸುವುದೂ ಅಲ್ಲಿ ಸೇರಿರುವುದು. ಅಂತಹ ಮಸೂದೆಯನ್ನು ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಮಂಡಿಸುವಂತಿಲ್ಲ. ಮಂಡಿಸುವುದಕ್ಕೆ ಮುಂಚೆ ರಾಷ್ಟ್ರಪತಿಗಳು ಅದನ್ನು ಆ ರಾಜ್ಯದ ಶಾಸನಸಭೆಗೆ ಕಳುಹಿಸಿ, ಗೊತ್ತಾದ ಅವಧಿಯೊಳಗೆ ಅಭಿಪ್ರಾಯವನ್ನು ತಿಳಿಸಬೇಕೆಂದು ಕೇಳಬೇಕು. ಇಷ್ಟಾದರೆ ಸಾಕು, 4ನೆಯ ಅನುಚ್ಛೇದದ ಪ್ರಕಾರ ಇಂತಹ ಶಾಸನವು ಸಂವಿಧಾನದ ತಿದ್ದುಪಡಿಯೆಂದು ಎಣಿಸಲ್ಪಡುವುದಿಲ್ಲ. ಆದಕಾರಣ ಉಭಯ ಸದನಗಳಲ್ಲಿ ಸಾಮಾನ್ಯ ಬಹುಮತ ದೊರೆತರೆ ಹೆಸರು ಬದಲಾಗುವುದು.

ಇಲ್ಲಿ ಗಮನಿಸಬೇಕಾದ ಮಾತು ‘ಅಭಿಪ್ರಾಯ’ವೆಂಬುದು. ಸಂವಿಧಾನವು ಕೇಳುವುದು ರಾಜ್ಯದ ಅಭಿಪ್ರಾಯವನ್ನೇ ಹೊರತು ಒಪ್ಪಿಗೆಯನ್ನಲ್ಲ. ಅವಧಿಯನ್ನು ಗೊತ್ತುಮಾಡುವ ಅಧಿಕಾರವು 1955ರ ಐದನೆಯ ತಿದ್ದುಪಡಿಯಿಂದ ಬಂದಿತು. ಆ ಅವಧಿಯೊಳಗೆ ಸಭೆಯು ಬಾಯಿ ತೆರೆಯದಿದ್ದರೂ ಮಸೂದೆಯು ಮುಂದೆ ಸಾಗಬಹುದು. ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ಮುಂಬಯಿ ಪ್ರಾಂತವನ್ನು ಮೂರು ಭಾಗಗಳಾಗಿ ಮಾಡುವ ಮಸೂದೆಯು ಶಾಸನಸಭೆಗೆ ಹೋಗಿ, ತರುವಾಯ ಪಾರ್ಲಿಮೆಂಟಿನಲ್ಲಿ ಅದೇ ಮಸೂದೆಯು ಒಂದೇ ದೊಡ್ಡ ದ್ವಿಭಾಷಾ ರಾಜ್ಯವನ್ನು ನಿರ್ಮಿಸುವಂತೆ ತಿದ್ದಲ್ಪಟ್ಟಿತು. ತಿದ್ದಿದ ರೂಪದ ಬಗ್ಗೆ ಸಭೆಯನ್ನು ಪುನಃ ಕೇಳಲಿಲ್ಲವೆಂಬ ಆಕ್ಷೇಪಣೆಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಾಬುಲಾಲ್ ಪರಾಟೆ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ, ಪಾರ್ಲಿಮೆಂಟು ರಾಜ್ಯದ ಅಭಿಪ್ರಾಯಕ್ಕೆ ಕಟ್ಟುಬಿದ್ದಿಲ್ಲವೆಂದೂ, ಪ್ರತಿಯೊಂದು ತಿದ್ದುಪಡಿಗೂ ಪುನಃ ಕೇಳಬೇಕಾದ ಅಗತ್ಯವಿಲ್ಲವೆಂದೂ 1959ರಲ್ಲಿ ತೀರ್ಪಾಯಿತು. ಎಲ್ಲೆಗೆ ಅನ್ವಯಿಸುವ ಈ ನ್ಯಾಯವು ಹೆಸರಿಗೂ ಅನ್ವಯಿಸುವುದೆಂಬುದು ಸ್ಪಷ್ಟ.

ಈ ಏರ್ಪಾಡು ರಾಜ್ಯಗಳ ಮೇಲಣ ಅಪನಂಬಿಕೆಯಿಂದ ಹುಟ್ಟಿತೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಸಂವಿಧಾನವು ಸಿದ್ಧವಾಗುತ್ತಿದ್ದ ದಿನಗಳಲ್ಲಿಯೇ ನಡೆದ ಒಂದು ಪ್ರಸಂಗವು ಅದರ ಹಿಂದಿರುವ ಕಾರಣವನ್ನು ತೋರಿಸಿಕೊಡುವುದು. ಆಗಿನ ಸಂಯುಕ್ತ ಪ್ರಾಂತಕ್ಕೆ ‘ಆರ್ಯಾವರ್ತ’ವೆಂದು ಹೆಸರಿಡಬೇಕೆಂಬ ಸೂಚನೆಯು 1949ರಲ್ಲಿ ಆ ಪ್ರಾಂತದ ಮುಖಂಡರಿಂದ ಬಂದಿತು. ಆರ್ಯಾವರ್ತವೆಂಬುದು ಪ್ರಾಚೀನ ಗ್ರಂಥಗಳಲ್ಲಿ ಉತ್ತರಭಾರತದ ವಿಶಾಲವಾದ ಭೂಭಾಗಕ್ಕೆ ಸಲ್ಲುತ್ತಿದ್ದ ಹೆಸರು. ಅದನ್ನು ಒಂದು ಪ್ರಾಂತವು ತನ್ನದಾಗಿಸಿಕೊಳ್ಳುವುದನ್ನು ಅನ್ಯಪ್ರಾಂತಗಳ ಸದಸ್ಯರು ಒಪ್ಪಲಿಲ್ಲ. ಕೊನೆಗೆ 1950ರ ಜನವರಿ 24ರಂದು, ಸಂವಿಧಾನವು ಜಾರಿಗೆ ಬರುವುದಕ್ಕೆ ಎರಡೇ ದಿನ ಮುಂಚೆ, ಗವರ್ನರ್ ಜನರಲ್ಲರ ಆಜ್ಞೆಯಿಂದ ಆ ಪ್ರಾಂತವು ‘ಉತ್ತರ ಪ್ರದೇಶ’ವಾಯಿತು. ಒಂದು ಮನೆಯವರು ತಮ್ಮ ಮಗುವಿಗೆ ಯಾವ ಹೆಸರನ್ನಾದರೂ ಇಡಬಹುದು. ಆದರೆ ಊರಿನ ಹೆಸರನ್ನೇ ತಮ್ಮ ಮನೆಗೆ ಇಟ್ಟುಕೊಂಡರೆ ಉಳಿದ ಮನೆಗಳವರು ಸುಮ್ಮನಿರಲಾರರು. ಹೆಸರು ಒಬ್ಬರ ಸ್ವತ್ತಾದರೂ ಅದರ ಎಲ್ಲೆಯು ನೆರೆಯವರ ಎಲ್ಲೆಗೆ ತಾಗಿರುವುದರಿಂದ, ನಿರ್ಣಯವು ಎಲ್ಲರ ಪ್ರತಿನಿಧಿಗಳು ಕೂಡುವ ಸಭೆಯಲ್ಲಿ ಆಗಬೇಕೆಂಬ ತತ್ತ್ವವು ನಿರಾಧಾರವಾದುದಲ್ಲ.

ಒಕ್ಕೂಟವಾಗಿರುವ ಎಲ್ಲ ದೇಶಗಳಲ್ಲಿಯೂ ಹೀಗೆಯೇ ಇರುವುದೆಂದು ಮಾತ್ರ ತಿಳಿಯಬಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿಯೊಂದು ಸಂಸ್ಥಾನಕ್ಕೂ ತನ್ನದೇ ಆದ ಸಂವಿಧಾನವಿದ್ದು, ಹೆಸರು ಅದರೊಳಗೆ ಅಡಗಿರುವುದು. ರೋಡ್ ಐಲೆಂಡ್ ಎಂಬ ಅತ್ಯಂತ ಚಿಕ್ಕ ಸಂಸ್ಥಾನದ ಪೂರ್ಣ ನಾಮಧೇಯವು ‘ರೋಡ್ ಐಲೆಂಡ್ ಮತ್ತು ಪ್ರಾವಿಡೆನ್ಸ್ ಪ್ಲಾಂಟೇಷನ್ಸ್’ ಎಂದಿತ್ತು. ಕೊನೆಯ ಪದವು ಗುಲಾಮಗಿರಿಯ ನೆನಪನ್ನು ತರುವುದೆಂದು ಅದನ್ನು ತೆಗೆದುಹಾಕುವ ಸೂಚನೆಯನ್ನು ಅಲ್ಲಿಯ ಮತದಾರರು 2010ರಲ್ಲಿ ತಿರಸ್ಕರಿಸಿ, 2020ರಲ್ಲಿ ಅಂಗೀಕರಿಸಿದರು. ಅರ್ಕಾನ್ಸಾ ಸಂಸ್ಥಾನದ ಶಾಸನಸಭೆಯಂತೂ ತನ್ನ ಹೆಸರನ್ನು ಉಚ್ಚರಿಸುವ ಬಗೆಯನ್ನೇ 1881ರಲ್ಲಿ ನಿರ್ಣಯದ ಮೂಲಕ ಗೊತ್ತುಮಾಡಿತು. ಬರಹದಲ್ಲಿ ಕೊನೆಗಿರುವ ಸಕಾರವನ್ನು ಬಾಯಲ್ಲಿ ಆಡಬಾರದೆಂಬುದು ಆ ನಿರ್ಣಯದ ಸಾರ. ಅಲ್ಲಿ ಹೆಸರು ಸಂಸ್ಥಾನದ ಜನರ ಕೈಯಲ್ಲಿರುವುದು; ಇಲ್ಲಿ ಅದು ಒಕ್ಕೂಟದ ಕೈಯಲ್ಲಿರುವುದು. ಕನ್ನಡನಾಡಿನ ಹೆಸರಿನ ಚರಿತ್ರೆಯನ್ನು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಕರ್ನಾಟಕವೆಂಬ ಹೆಸರು ಪುರಾತನವಾದುದೆಂಬುದನ್ನು ವಿಸ್ತಾರವಾಗಿ ಹೇಳಬೇಕಾದುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಎರಡು ಮಹಾನದಿಗಳ ಮೂಲಕ ಸೂಚಿಸಿರುವುದು. ವಿಜಯನಗರದ ಅರಸರ ಆಳ್ವಿಕೆಯು ಕರ್ನಾಟ ಸಾಮ್ರಾಜ್ಯವೆಂದೇ ಪ್ರಸಿದ್ಧವಾಗಿತ್ತು. ಆದರೆ ಆ ಸಾಮ್ರಾಜ್ಯವು ಚದುರಿದ ಮೇಲೆ ಹೆಸರು ತನ್ನ ನೆಲೆಯನ್ನು ಬಿಟ್ಟು ಅಲೆಯತೊಡಗಿತು. ಪೂರ್ವಘಟ್ಟದ ಕೆಳಗಣ ತಮಿಳು ಸೀಮೆಯು ವಿಜಯನಗರದ ಅಧೀನದಲ್ಲಿದ್ದ ಕಾರಣ, ತರುವಾಯ ಆರ್ಕಾಟಿನ ನವಾಬರು ಆಳಿದ ಆ ಸೀಮೆಗೆ ಕರ್ನಾಟಕದ ಹೆಸರು ಅಂಟಿಕೊಂಡಿತು. 1746ರಿಂದ 1763ರವರೆಗೆ ಆಂಗ್ಲರೂ ಫ್ರೆಂಚರೂ ನಡೆಸಿದ ಮೂರು ಕರ್ನಾಟಿಕ್ ಯುದ್ಧಗಳು ಮುಖ್ಯವಾಗಿ ನಡೆದುದು ತಮಿಳು ನೆಲದಲ್ಲಿ. ಹೀಗೆ ಆಂಗ್ಲರ ಚರಿತ್ರೆಯನ್ನು ಓದಿದವನಿಗೆ ಕರ್ನಾಟಕವೆಂದರೆ ಆರ್ಕಾಟು. ಕನ್ನಡ ಮಾತನಾಡುವ ನಾಡಿಗೆ ಒಂದೇ ಹೆಸರಿಲ್ಲ. ಆದರೂ ಹೆಸರು ಮನೆಯೊಳಗೆ ಪೂರ್ತಿಯಾಗಿ ಮರೆತುಹೋಗಿರಲಿಲ್ಲ. ಮೈಸೂರಿನ ಒಡೆಯರ ಬಿರುದಾವಳಿಯಲ್ಲಿ ‘ಕರ್ನಾಟಕ ರತ್ನಸಿಂಹಾಸನಾಧೀಶ್ವರ’ ಎಂಬ ಬಿರುದು ಉಳಿದುಬಂದಿತ್ತು. ಮುಂದೆ ಮೈಸೂರೆಂಬ ಹೆಸರಿಗೂ ಕರ್ನಾಟಕವೆಂಬ ಹೆಸರಿಗೂ ವಾದ ಬಿದ್ದಾಗ, ಮೈಸೂರಿನ ಸಿಂಹಾಸನವೇ ಎರಡನೆಯ ಹೆಸರನ್ನು ಕಾಪಾಡಿಕೊಂಡು ಬಂದಿತ್ತೆಂಬುದು ಮರೆಯಬಾರದ ಸಂಗತಿ.

ಶಾಸನವು ಹೆಸರನ್ನು ಕೊಡುವುದಕ್ಕೆ ಬಹುಕಾಲ ಮುಂಚೆಯೇ ಜನರು ಅದನ್ನು ಬಳಸತೊಡಗಿದ್ದರು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಸಂಘವು ತನ್ನನ್ನು ಕರ್ನಾಟಕ ವಿದ್ಯಾವರ್ಧಕ ಸಂಘವೆಂದು ಕರೆದುಕೊಂಡಿತು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪರಿಷತ್ತು ಮೊದಲು ಕರ್ಣಾಟಕ ಸಾಹಿತ್ಯ ಪರಿಷತ್ತಾಗಿದ್ದು, 1938ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಾಯಿತು. ಶ್ರೀ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾಗಿ, ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಜನರಿಗೆ ತಮ್ಮದು ಒಂದೇ ನಾಡೆಂಬ ಅರಿವನ್ನು ಕೊಟ್ಟಿತು. 1920ರ ನಾಗಪುರದ ಅಧಿವೇಶನದ ತರುವಾಯ ಕಾಂಗ್ರೆಸ್ಸು ಭಾಷಾನುಸಾರವಾಗಿ ಪ್ರಾಂತ ಸಮಿತಿಗಳನ್ನು ರಚಿಸಿದಾಗ ಕರ್ನಾಟಕಕ್ಕೂ ಒಂದು ಸಮಿತಿ ಬಂದಿತು. ಯಾವ ಸರಕಾರದ ದಫ್ತರದಲ್ಲಿಯೂ ಇಲ್ಲದ ಪ್ರಾಂತವೊಂದು ಜನರ ಸಂಸ್ಥೆಗಳಲ್ಲಿ, ಪತ್ರಿಕೆಗಳಲ್ಲಿ, ಸಭೆಗಳ ಜಾಹೀರಾತುಗಳಲ್ಲಿ ಹೀಗೆ ಬದುಕಿತ್ತು.

ಇಷ್ಟಾದ ಮೇಲೆ ನಾಡು ಒಂದಾದ ದಿನವೇ ಅದರ ಹೆಸರೂ ಬರಬೇಕಾಗಿತ್ತು. ಅದು ಬರುವ ಸಂಭವವೂ ಇತ್ತು. 1953ರ ಕೊನೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಶ್ರೀ ಫಜಲ್ ಆಲಿ, ಶ್ರೀ ಹೃದಯನಾಥ ಕುಂಜ್ರು, ಶ್ರೀ ಕೆ. ಎಂ. ಪಣಿಕ್ಕರ್ ಇವರು ಮೂವರು ಇದ್ದರು. 1955ರ ಸೆಪ್ಟೆಂಬರ್ ತಿಂಗಳಲ್ಲಿ ಅವರು ಒಪ್ಪಿಸಿದ ವರದಿಯಲ್ಲಿ ಕನ್ನಡ ಪ್ರದೇಶಗಳ ಹೊಸ ರಾಜ್ಯವನ್ನು ಕರ್ನಾಟಕವೆಂದೇ ಕರೆದರು. ಆದರೆ ಮರುವರ್ಷ ಪಾರ್ಲಿಮೆಂಟು ಅಂಗೀಕರಿಸಿದ ರಾಜ್ಯ ಪುನರ್ವಿಂಗಡಣಾ ಶಾಸನದ ಏಳನೆಯ ಪ್ರಕರಣದಲ್ಲಿ ಆ ಹೆಸರು ಮರೆಯಾಗಿ ‘ಮೈಸೂರು’ ಎಂದಾಯಿತು. ಆ ಪ್ರಕರಣವು ಐದು ಆಡಳಿತಗಳ ಭೂಮಿಯನ್ನು ಒಂದುಗೂಡಿಸಿತು. ಮೊದಲಿನ ಮೈಸೂರು ಸಂಸ್ಥಾನವು ಒಂದು. ಮುಂಬಯಿ ಪ್ರಾಂತದಿಂದ ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳೂ ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯೂ ಬಂದವು. ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳು ಕೆಲವು ತಾಲ್ಲೂಕುಗಳನ್ನು ಕಳೆದು ಬಂದವು. ಮದರಾಸಿನಿಂದ ಕಾಸರಗೋಡನ್ನು ಬಿಟ್ಟು ದಕ್ಷಿಣ ಕನ್ನಡವೂ ಕೊಳ್ಳೇಗಾಲದ ತಾಲ್ಲೂಕೂ ಬಂದವು. ಕೊಡಗು ಐದನೆಯದು. 1956ರ ನವೆಂಬರ್ 1ರಂದು ಈ ಐದೂ ಸೇರಿದ ನಾಡಿಗೆ, ಅವುಗಳಲ್ಲಿ ಒಂದರ ಹೆಸರು ಎಲ್ಲದರ ಹೆಸರಾಯಿತು.

ಹೀಗಾಗಬೇಕೆಂದವರ ವಾದವು ಹುರುಳಿಲ್ಲದುದೇನೂ ಅಲ್ಲ. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕಂಡಿದ್ದ, ಕನ್ನಂಬಾಡಿಯ ಅಣೆಕಟ್ಟನ್ನೂ 1916ರ ವಿಶ್ವವಿದ್ಯಾನಿಲಯವನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ಕಟ್ಟಿದ್ದ ಮೈಸೂರೆಂಬ ಹೆಸರು ದೇಶದೇಶಗಳಲ್ಲಿ ಮಾನ್ಯವಾಗಿತ್ತು. ಗಂಧದ ಎಣ್ಣೆಯಿಂದ ರೇಷ್ಮೆಯವರೆಗೆ ಸರಕುಗಳು ಆ ಹೆಸರಿನ ಬಲದಿಂದಲೇ ಮಾರಾಟವಾಗುತ್ತಿದ್ದವು. ಸಂಪಾದಿಸಿದ ಕೀರ್ತಿಯನ್ನು ಬಿಟ್ಟು, ಆಂಗ್ಲರ ಪುಸ್ತಕಗಳಲ್ಲಿ ಆರ್ಕಾಟನ್ನು ಸೂಚಿಸುವ ಒಂದು ಹೆಸರನ್ನು ಏಕೆ ಹಿಡಿಯಬೇಕೆಂಬುದು ಅವರ ಪ್ರಶ್ನೆ. ಅದರೊಡನೆ ಆಡಿ ತೋರಿಸದ ಒಂದು ಅಂಜಿಕೆಯೂ ಇತ್ತು. ವಿಶಾಲವಾದ ಹೊಸ ರಾಜ್ಯದಲ್ಲಿ ಹಳೆಯ ಸಂಸ್ಥಾನದವರು ಕರಗಿಹೋಗುವರೆಂಬುದೇ ಆ ಅಂಜಿಕೆ. ಹೆಸರೊಂದಾದರೂ ಉಳಿದರೆ ಮನೆಯ ಹೊಸ್ತಿಲು ತಮ್ಮದೇ ಎಂಬ ಧೈರ್ಯವಿರುವುದೆಂದು ಅನೇಕರಿಗೆ ತೋರಿತು.

ಇನ್ನೊಂದು ಕಡೆಯವರ ದೃಷ್ಟಿಯಲ್ಲಿ ಇದೇ ಹೆಸರು ಬೇರೆ ರೀತಿಯಲ್ಲಿ ಕಾಣಿಸಿತು. ಬೀದರಿನ ರೈತನಾಗಲಿ, ಕಾರವಾರದ ವರ್ತಕನಾಗಲಿ, ಮಡಿಕೇರಿಯ ಗೃಹಸ್ಥನಾಗಲಿ ಎಂದೂ ಮೈಸೂರಿನ ಪ್ರಜೆಯಾಗಿದ್ದವನಲ್ಲ. ಏಕೀಕರಣಕ್ಕಾಗಿ ದುಡಿದವನು ತನ್ನ ನಾಡನ್ನು ಇನ್ನೊಂದು ನಾಡಿಗೆ ಸೇರಿಸಬೇಕೆಂದು ದುಡಿದವನೂ ಅಲ್ಲ. ಎಲ್ಲವೂ ಸೇರಿ ಒಂದಾಗಬೇಕೆಂಬುದು ಅವನ ಆಸೆ. ಸೇರಿದವುಗಳಲ್ಲಿ ಒಂದರ ಹೆಸರು ಉಳಿದಾಗ, ಒಂದು ಮನೆಯು ಉಳಿದ ನಾಲ್ಕು ಮನೆಗಳನ್ನು ಸಾಕಿಕೊಂಡಂತೆ ಅವನಿಗೆ ತೋರಿತು. ಧಾರವಾಡದ ಶಾಲೆಯ ಹುಡುಗನು ನಾಡಿನ ಹಬ್ಬದಲ್ಲಿ ಕರ್ನಾಟಕದ ಹಾಡನ್ನು ಹೇಳಿ, ಮನೆಗೆ ಬಂದು ಕಾಗದದ ಮೇಲೆ ವಿಳಾಸ ಬರೆಯುವಾಗ ಮೈಸೂರು ರಾಜ್ಯವೆಂದು ಬರೆಯಬೇಕಾಯಿತು. ಗದಗಿನ ಕಡೆಯ ಶ್ರೀ ಅಂದಾನಪ್ಪ ದೊಡ್ಡಮೇಟಿಯವರು ಶಾಸನಸಭೆಯ ಒಳಗೂ ಹೊರಗೂ ಕರ್ನಾಟಕವೆಂಬ ಹೆಸರಿಗಾಗಿ ಪಟ್ಟುಹಿಡಿದು ವಾದಿಸಿದರು. ಕರ್ನಾಟಕದ ಕುಲಪುರೋಹಿತರೆಂದು ಜನರು ಗೌರವಿಸಿದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡಾಗ, ಅವರು ಜೀವಮಾನವೆಲ್ಲ ಉಚ್ಚರಿಸಿದ ಹೆಸರು ಅವರ ನಾಡಿಗೆ ಇನ್ನೂ ಬಂದಿರಲಿಲ್ಲ.

ಈ ವಿಳಂಬಕ್ಕೆ ಶಾಸನವೇ ಕಾರಣವೆಂದು ಹೇಳಬಹುದೇ? 3ನೆಯ ಅನುಚ್ಛೇದದ ದಾರಿಯು ಉದ್ದಕ್ಕೂ ತೆರೆದೇ ಇತ್ತು. ಆದರೆ ಒಕ್ಕೂಟದ ಸರಕಾರವು ತಾನಾಗಿ ಆ ದಾರಿಯಲ್ಲಿ ಹೆಜ್ಜೆಯಿಡುವುದಿಲ್ಲ. ರಾಜ್ಯದ ಸಭೆಯು ಒಮ್ಮನಸ್ಸಿನಿಂದ ಕೇಳಿದ ಮೇಲೆಯೇ ಮಸೂದೆಯು ಸಿದ್ಧವಾಗುವುದು ವಾಡಿಕೆ. ಆ ಒಮ್ಮನಸ್ಸು ಬೆಂಗಳೂರಿನಲ್ಲಿಯೇ ಹುಟ್ಟಿರಲಿಲ್ಲ. ನೆರೆಯ ಮದರಾಸು ರಾಜ್ಯದ ಉದಾಹರಣೆಯು ಇದನ್ನೇ ತೋರಿಸುವುದು. ಅಲ್ಲಿ ರಾಜ್ಯಕ್ಕೆ ತಮಿಳುನಾಡೆಂಬ ಹೆಸರು ಬರಬೇಕೆಂಬುದೇ ಮೊದಲಾದ ಬೇಡಿಕೆಗಳನ್ನು ಮುಂದಿಟ್ಟು ಶ್ರೀ ಶಂಕರಲಿಂಗನಾರ್ ಎಂಬ ವೃದ್ಧ ಗಾಂಧೀವಾದಿಯು 1956ರಲ್ಲಿ ಎಪ್ಪತ್ತಕ್ಕೂ ಹೆಚ್ಚು ದಿನ ಉಪವಾಸವಿದ್ದು ಪ್ರಾಣಬಿಟ್ಟರು. 1963ರಲ್ಲಿ ಶ್ರೀ ಅಣ್ಣಾದುರೈಯವರು ರಾಜ್ಯಸಭೆಯಲ್ಲಿ ಆ ಹೆಸರಿನ ಪರವಾಗಿ ವಾದಿಸಿದರೂ ಫಲಿಸಲಿಲ್ಲ. ಅವರು ಮುಖ್ಯಮಂತ್ರಿಗಳಾದ ಮೇಲೆ 1967ರ ಜುಲೈ 18ರಂದು ಮದರಾಸಿನ ಸಭೆಯು ನಿರ್ಣಯವನ್ನು ಅಂಗೀಕರಿಸಿತು. 1968ರಲ್ಲಿ ಪಾರ್ಲಿಮೆಂಟಿನ ಶಾಸನವಾಗಿ, 1969ರ ಜನವರಿ 14ರ ಪೊಂಗಲಿನ ದಿನ ಹೆಸರು ಜಾರಿಗೆ ಬಂದಿತು. ಅದಾದ ಇಪ್ಪತ್ತು ದಿನಗಳಲ್ಲಿ ಅಣ್ಣಾದುರೈಯವರು ತೀರಿಕೊಂಡರು. ರಾಜ್ಯದ ಸಭೆಯು ನಿಶ್ಚಯವಾಗಿ ಕೇಳಿದ ಮೇಲೆ ಪಾರ್ಲಿಮೆಂಟು ತೆಗೆದುಕೊಂಡ ಕಾಲವು ಎರಡು ವರ್ಷಕ್ಕೂ ಕಡಮೆ.

ಮೈಸೂರಿನಲ್ಲಿಯೂ ಹಾಗೆಯೇ ಆಯಿತು. 1972ರಲ್ಲಿ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅವರು ಹಳೆಯ ಸಂಸ್ಥಾನದ ಹುಣಸೂರು ಸೀಮೆಯವರು. ಮೈಸೂರಿನ ಹೆಸರನ್ನು ಬಿಡಬೇಕೆಂದು ಹೊರಗಿನವರು ಹೇಳಿದರೆ ನೋವಾಗುವ ಕಡೆಯವರೇ. ಆದುದರಿಂದ ಅವರ ಸರಕಾರವು ಮುಂದಾದಾಗ ಮಾತಿಗೆ ಬೇರೆ ತೂಕ ಬಂದಿತು. ಆ ವರ್ಷವೇ ಶಾಸನಸಭೆಯು ಹೆಸರನ್ನು ಬದಲಾಯಿಸುವ ನಿರ್ಣಯವನ್ನು ಅಂಗೀಕರಿಸಿತು. ಪಾರ್ಲಿಮೆಂಟಿನಲ್ಲಿ ಅದು 1973ರ 31ನೆಯ ಶಾಸನವಾಗಿ, ಅದೇ ವರ್ಷ ನವೆಂಬರ್ 1ರಂದು, ನಾಡು ಒಂದಾಗಿ ಸರಿಯಾಗಿ ಹದಿನೇಳು ವರ್ಷಗಳಾದ ದಿನ, ಜಾರಿಗೆ ಬಂದಿತು. ಲಕ್ಕದೀವ, ಮಿನಿಕಾಯ್, ಅಮೀನದೀವಿ ದ್ವೀಪಗಳು ಲಕ್ಷದ್ವೀಪವೆಂಬ ಹೆಸರನ್ನು ಪಡೆದುದೂ ಅದೇ ದಿನವೇ.

ಈ ಶಾಸನವು ಬಹಳ ಚಿಕ್ಕದು. ಮೈಸೂರು ರಾಜ್ಯವು ಇನ್ನು ಮುಂದೆ ಕರ್ನಾಟಕ ರಾಜ್ಯವೆನಿಸುವುದೆಂಬುದೇ ಅದರ ಜೀವಾಳ. ಉಳಿದ ಪ್ರಕರಣಗಳು ಆ ಒಂದು ವಾಕ್ಯದಿಂದ ಎಲ್ಲಿಯೂ ಎಳೆ ತಪ್ಪದಂತೆ ಕಟ್ಟಿದ ಗಂಟುಗಳು. ಸಂವಿಧಾನದ ಅನುಸೂಚಿಗಳಲ್ಲಿಯೂ, ಎರಡು ಸದನಗಳುಳ್ಳ ರಾಜ್ಯಗಳನ್ನು ಹೆಸರಿಸುವ 168ನೆಯ ಅನುಚ್ಛೇದದಲ್ಲಿಯೂ ಮೈಸೂರೆಂದಿದ್ದ ಕಡೆ ಕರ್ನಾಟಕವೆಂದು ತಿದ್ದಲಾಯಿತು. ಹಳೆಯ ಕಾಯಿದೆಗಳನ್ನು ಹೊಸ ಹೆಸರಿಗೆ ಹೊಂದಿಸುವ ಅಧಿಕಾರವನ್ನು ಸರಕಾರಕ್ಕೆ ಕೊಡಲಾಯಿತು. ಹೊಂದಿಸುವುದು ಮರೆತುಹೋದ ಕಡೆಯಲ್ಲಿಯೂ ನ್ಯಾಯಾಲಯಗಳು ಹಾಗೆಯೇ ಅರ್ಥಮಾಡಬಹುದೆಂದು ವಿಧಿಸಲಾಯಿತು. ನ್ಯಾಯಾಲಯಗಳಲ್ಲಿ ಮೈಸೂರು ರಾಜ್ಯವು ವಾದಿಯಾಗಿಯೋ ಪ್ರತಿವಾದಿಯಾಗಿಯೋ ಇದ್ದ ವ್ಯವಹಾರಗಳೆಲ್ಲವುಗಳಲ್ಲಿ ಕರ್ನಾಟಕ ರಾಜ್ಯವು ಆ ಸ್ಥಾನದಲ್ಲಿ ನಿಂತಿತು. ಹೆಸರು ಬದಲಾದ ಮಾತ್ರಕ್ಕೆ ಸಾಲಗಾರನು ಸಾಲದಿಂದ ತಪ್ಪಿಸಿಕೊಳ್ಳಬಾರದು. ಹಕ್ಕುದಾರನು ಹಕ್ಕನ್ನು ಕಳೆದುಕೊಳ್ಳಲೂಬಾರದು. ಜನರ ಹೃದಯಕ್ಕೆ ಹೆಸರು ಉತ್ಸವವಾದರೆ, ಶಾಸನಕ್ಕೆ ಅದು ಲೆಕ್ಕದ ಪುಸ್ತಕದಲ್ಲಿ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುವ ಕಾರ್ಯವಷ್ಟೆ.

ಈ ಹೊಂದಾಣಿಕೆಯಿಂದ ಒಂದು ಸ್ವಾರಸ್ಯವಾದ ಫಲವುಂಟಾಯಿತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿದ ಕಾಯಿದೆಯು ಮೈಸೂರಿನ ಹೆಸರಿನಲ್ಲಿ ಹುಟ್ಟಿದುದು. 1964ರ ಭೂಕಂದಾಯ ಕಾಯಿದೆಯೂ ಹಾಗೆಯೇ. 1973ರ ಹೊಂದಾಣಿಕೆಯ ಆಜ್ಞೆಯ ತರುವಾಯ ಇವು ‘ಕರ್ನಾಟಕ ರಾಜಭಾಷಾ ಅಧಿನಿಯಮ, 1963’ ಎಂದೂ ‘ಕರ್ನಾಟಕ ಭೂಕಂದಾಯ ಅಧಿನಿಯಮ, 1964’ ಎಂದೂ ಮುದ್ರಿತವಾಗುತ್ತಿವೆ. ಇಸವಿಯು ಹಳೆಯದು, ಹೆಸರು ಹೊಸದು. ಇವುಗಳನ್ನು ಮಾತ್ರ ಓದಿದವನು 1963ರಲ್ಲಿಯೇ ಕರ್ನಾಟಕವೆಂಬ ರಾಜ್ಯವಿತ್ತೆಂದು ತಿಳಿದರೆ ತಪ್ಪು ಅವನದಲ್ಲ. ಹದಿನೇಳು ವರ್ಷಗಳ ವಾದವು ಕಾಯಿದೆಯ ಪುಸ್ತಕದಲ್ಲಿ ಗುರುತಿಲ್ಲದೆ ಅಳಿಸಿಹೋಗಿರುವುದು.

ಆದರೆ ಶಾಸನವು ತನಗೆ ಸೇರದ ಕಡೆ ಕೈಹಾಕಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಮೈಸೂರಿನದಾಗಿಯೇ ಉಳಿಯಿತು. ಮೈಸೂರಿನ ಹೆಸರನ್ನು ಹೊತ್ತ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಗುವವರೆಗೂ ಆ ಹೆಸರಿನಲ್ಲಿಯೇ ವ್ಯವಹರಿಸಿತು. ಮೈಸೂರು ಉಚ್ಚ ನ್ಯಾಯಾಲಯವೇನೋ ಕರ್ನಾಟಕ ಉಚ್ಚ ನ್ಯಾಯಾಲಯವಾಯಿತು. ಆದರೆ ಮದರಾಸು ರಾಜ್ಯವು ತಮಿಳುನಾಡಾದರೂ, ಮುಂಬಯಿ ರಾಜ್ಯವು 1960ರಲ್ಲಿ ಮಹಾರಾಷ್ಟ್ರ ಮತ್ತು ಗುಜರಾತುಗಳಾಗಿ ಒಡೆದರೂ, ಅಲ್ಲಿಯ ಉಚ್ಚ ನ್ಯಾಯಾಲಯಗಳು ಹಳೆಯ ಹೆಸರುಗಳನ್ನೇ ಉಳಿಸಿಕೊಂಡವು. ಅವುಗಳನ್ನು ಬದಲಾಯಿಸುವ ಮಸೂದೆಯು 2016ರಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ ಶಾಸನವಾಗಲಿಲ್ಲ.

ರಾಜ್ಯದ ಹೆಸರಿಗಿಂತ ಭಾಷೆಯ ಹೆಸರು ಶಾಸನದ ದೃಷ್ಟಿಯಲ್ಲಿ ಹೆಚ್ಚು ಭದ್ರವಾದುದೆಂಬುದು ಅನೇಕರಿಗೆ ತಿಳಿಯದ ವಿಷಯ. 2011ರಲ್ಲಿ ಒರಿಸ್ಸಾ ರಾಜ್ಯವು ಒಡಿಶಾ ಆಗಬೇಕೆಂದಾಗ ಸಾಮಾನ್ಯ ಬಹುಮತದ ಒಂದು ಶಾಸನವು ಸಾಕಾಯಿತು. ಆದರೆ ಅಲ್ಲಿಯ ಭಾಷೆಯ ಹೆಸರನ್ನು ಎಂಟನೆಯ ಅನುಸೂಚಿಯಲ್ಲಿ ‘ಒಡಿಯಾ’ ಎಂದು ತಿದ್ದುವುದಕ್ಕೆ ವಿಶೇಷ ಬಹುಮತವು ಬೇಕಾದ ತೊಂಬತ್ತಾರನೆಯ ಸಂವಿಧಾನ ತಿದ್ದುಪಡಿಯು ಅಗತ್ಯವಾಯಿತು. ಒಂದೇ ಜನ, ಒಂದೇ ಉಚ್ಚಾರಣೆ; ಎರಡು ಬೇರೆ ಬೇರೆ ದಾರಿಗಳು. ಆ ಹೆಸರೂ ನವೆಂಬರ್ 1ರಂದೇ ಜಾರಿಗೆ ಬಂದುದು ಕನ್ನಡಿಗರಿಗೆ ನೆನಪಿಡಲು ಸುಲಭ.

ಊರುಗಳ ಹೆಸರಿನ ಕಟ್ಟಳೆಯು ಇದಕ್ಕಿಂತಲೂ ಸಡಿಲವಾದುದು. ಅದಕ್ಕೆ ಸಂವಿಧಾನದಲ್ಲಿ ಪ್ರತ್ಯೇಕವಾದ ಅನುಚ್ಛೇದವಿಲ್ಲ. ಒಕ್ಕೂಟದ ಗೃಹಖಾತೆಯು 1953ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಸೂಚನೆಗಳೇ ಆಧಾರ. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಬದಲಾಯಿಸಬಾರದು. ಚರಿತ್ರೆಯ ಸಂಬಂಧವುಳ್ಳ ಹೆಸರನ್ನು ಆದಷ್ಟು ಉಳಿಸಬೇಕು. ಸ್ಥಳಾಭಿಮಾನ ಅಥವಾ ಭಾಷಾಭಿಮಾನವೊಂದೇ ಕಾರಣವಾಗಬಾರದು. ನೆರೆಯಲ್ಲಿ ಅದೇ ಹೆಸರಿನ ಇನ್ನೊಂದು ಊರಿರಬಾರದು. ರಾಜ್ಯ ಸರಕಾರವು ಗೃಹಖಾತೆಯ ಸಮ್ಮತಿಯನ್ನು ಪಡೆದು ತನ್ನ ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ಕಾರ್ಯವು ಮುಗಿಯಿತು. ಈ ದಾರಿಯಿಂದಲೇ 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ವಿಜಯಪುರ, ಕಲಬುರಗಿ, ಚಿಕ್ಕಮಗಳೂರು, ಹೊಸಪೇಟೆ, ಶಿವಮೊಗ್ಗ, ತುಮಕೂರು ಎಂಬ ಹನ್ನೆರಡು ಊರುಗಳ ಹೆಸರುಗಳು ಬದಲಾದವು. ವಿಜಯಪುರ, ಕಲಬುರಗಿಗಳಂತಹ ಒಂದೆರಡನ್ನು ಬಿಟ್ಟರೆ ಬದಲಾದುದು ಇಂಗ್ಲಿಷಿನ ಅಕ್ಷರಗಳು ಮಾತ್ರ. ಹಳ್ಳಿಯಿಂದ ಸಂತೆಗೆ ಬರುವ ಕನ್ನಡಿಗನ ಬಾಯಲ್ಲಿ ಹುಬ್ಬಳ್ಳಿಯು ಎಂದೂ ಬೇರೆಯಾಗಿರಲಿಲ್ಲ. ಶಾಸನವು ಇಲ್ಲಿ ಹೊಸ ಹೆಸರನ್ನು ಕೊಡಲಿಲ್ಲ. ಬಹುಕಾಲದಿಂದ ಇದ್ದುದನ್ನು ತಡವಾಗಿ ಬರೆದುಕ��ಂಡಿತು.

ಕೇಳಿದ ಎಲ್ಲರಿಗೂ ಕೇಳಿದ ಹೆಸರು ದೊರೆಯುವುದೆಂಬ ನಿಯಮವಿಲ್ಲ. ಪಶ್ಚಿಮ ಬಂಗಾಳದ ಸಭೆಯು 2018ರಲ್ಲಿ ತನ್ನ ರಾಜ್ಯಕ್ಕೆ ‘ಬಾಂಗ್ಲಾ’ ಎಂಬ ಹೆಸರನ್ನು ಬಯಸಿ ನಿರ್ಣಯಿಸಿತು. ಮರುವರ್ಷ ಒಕ್ಕೂಟದ ಸರಕಾರವು ಅದಕ್ಕೆ ಒಪ್ಪಿಗೆಯಿತ್ತಿಲ್ಲವೆಂದು ಪಾರ್ಲಿಮೆಂಟಿನಲ್ಲಿ ತಿಳಿಸಿತು. ನೆರೆಯ ಸ್ವತಂತ್ರ ದೇಶವೊಂದರ ಹೆಸರಿಗೆ ಅದು ಹತ್ತಿರವಾದುದೆಂಬುದನ್ನು ನೆನೆದರೆ, ಉತ್ತರ ಪ್ರದೇಶದ ಹಳೆಯ ಪ್ರಸಂಗವು ಮನಸ್ಸಿಗೆ ಬರುವುದು. ಮಲಯಾಳದಲ್ಲಿ ತಮ್ಮ ನಾಡನ್ನು ‘ಕೇರಳಂ’ ಎಂದೇ ಕರೆಯುವ ಜನರ ಸಭೆಯು ಸಂವಿಧಾನದಲ್ಲಿಯೂ ಹಾಗೆಯೇ ಬರೆಯಬೇಕೆಂದು 2023ರಲ್ಲಿ ಒಮ್ಮೆಯೂ 2024ರಲ್ಲಿ ಇನ್ನೊಮ್ಮೆಯೂ ನಿರ್ಣಯಿಸಿತು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ನೋಡಿದರೆ, ಒಂದು ಹೆಸರು ಬರುವುದಕ್ಕೆ ಮೂವರ ಸಮ್ಮತಿ ಬೇಕೆಂದು ತಿಳಿದುಬರುವುದು. ಆ ಹೆಸರಿನಲ್ಲಿ ಬಾಳುವವರದು ಒಂದು, ನೆರೆಯವರದು ಎರಡನೆಯದು, ಬರೆದಿಡುವ ಶಾಸನದ್ದು ಕೊನೆಯದು. ಕರ್ನಾಟಕದ ವಿಷಯದಲ್ಲಿ ಎರಡನೆಯವರು ಅಡ್ಡಬಂದುದು ಅಷ್ಟಾಗಿ ಕಾಣದು; ಮೂರನೆಯದು ಕೇಳಿದ ಮರುವರ್ಷವೇ ದೊರೆಯಿತು. ಹದಿನೇಳು ವರ್ಷಗಳು ಹಿಡಿದುದು ಮೊದಲನೆಯದಕ್ಕೆ. ಹಳೆಯ ಮೈಸೂರಿನವರು ತಮ್ಮ ಕೀರ್ತಿವೆತ್ತ ಹೆಸರನ್ನು ತಮ್ಮ ನಗರಕ್ಕೂ ಜಿಲ್ಲೆಗೂ ಉಳಿಸಿಕೊಂಡು, ನಾಡಿನ ಮೇಲಿನಿಂದ ಅದನ್ನು ತೆಗೆಯಲು ಒಪ್ಪಬೇಕಾಗಿತ್ತು. ಬೆಳಗಾವಿ, ಬೀದರ, ಮಂಗಳೂರು, ಮಡಿಕೇರಿಗಳವರು ಆ ಒಪ್ಪಿಗೆ ಬರುವವರೆಗೆ ಇನ್ನೊಬ್ಬರ ಹೆಸರಿನಲ್ಲಿ ಸಮಾಧಾನದಿಂದ ಬಾಳಬೇಕಾಗಿತ್ತು. ಎರಡು ಕಡೆಯವರ ಈ ತಾಳ್ಮೆಯನ್ನು ಯಾವ ಅನುಚ್ಛೇದವೂ ವಿಧಿಸಲಾರದು.

ಇಂದಿಗೂ ಹೊಲದ ವ್ಯಾಜ್ಯಕ್ಕಾಗಿ ಹಳೆಯ ಕಾಗದಪತ್ರಗಳನ್ನು ಬಿಚ್ಚಿದ ಗೃಹಸ್ಥನಿಗೆ ಅಜ್ಜನ ಕಾಲದ ಪತ್ರದ ನೆತ್ತಿಯ ಮೇಲೆ ಮೈಸೂರು ಸರಕಾರದ ಮುದ್ರೆಯೂ, ತಂದೆಯ ಕಾಲದ ಪತ್ರದ ಮೇಲೆ ಕರ್ನಾಟಕ ಸರಕಾರದ ಮುದ್ರೆಯೂ ಕಾಣಸಿಗುವುದು. ಅವನ ಮನೆ ಧಾರವಾಡದ ಕಡೆಯದಾದರೆ ಅವೆರಡಕ್ಕಿಂತ ಮುಂಚಿನದೊಂದು ಮುಂಬಯಿಯ ಮುದ್ರೆಯೂ ಇರುವುದು. ಹೊಲವು ಅದೇ, ಅದರ ನಾಲ್ಕು ಕಡೆಯ ಬದುಗಳೂ ಅವೇ. 1973ರ ಶಾಸನದ ದೆಸೆಯಿಂದ ಆ ಹಳೆಯ ಪತ್ರವು ಇಂದಿನ ಕಚೇರಿಯಲ್ಲಿ ಇನ್ನೂ ಸಲ್ಲುತ್ತಿರುವುದು.